ನಕ್ಷೆಯ ಹಸಿರು ಚೌಕ

ಆ ದಿನದ ಡೈರಿಯಲ್ಲಿ ‘ಪಾಠ ಚೆನ್ನಾಗಿ ಆಯಿತು’ ಎಂದು ಬರೆದುಕೊಂಡಿದ್ದೇನೆ. ಈಗ ಆ ಸಾಲನ್ನು ಓದಲು ಕಷ್ಟವಾಗುತ್ತದೆ.

ವೈ.ಎನ್.ಹೊಸಕೋಟೆಯ ಕಡೆಯ ಒಂದು ಹಳ್ಳಿಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಅಂದು ಅಮೆಜಾನ್ ಮಳೆಕಾಡಿನ ಪಾಠ. ಮಕ್ಕಳ ಪ್ರಕಾರ ಅಲ್ಲಿರುವುದು ಹೆಬ್ಬಾವು, ಮತ್ತೆ ತಲೆಗೆ ಗರಿ ಸಿಕ್ಕಿಸಿಕೊಂಡವರು. ಹಾಗಲ್ಲ ಎಂದೆ. ಅಲ್ಲಿ ದೊಡ್ಡ ಪಟ್ಟಣಗಳಿವೆ, ನದಿಯಂಚಿನಲ್ಲಿ ಮೀನು ಹಿಡಿದು ಬದುಕುವವರಿದ್ದಾರೆ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ನೆಲೆಸಿದವರ ವಂಶದವರಿದ್ದಾರೆ, ರಬ್ಬರ್ ಹಾಲು ಇಳಿಸಲು ಬಂದು ಅಲ್ಲೇ ಉಳಿದವರಿದ್ದಾರೆ. ನೂರಾರು ಭಾಷೆಗಳಿವೆ. ಕಾಡಿನ ತೀರಾ ಒಳಗೆ, ಹೊರಗಿನವರ ಕಣ್ಣಿಗೇ ಬೀಳದ ಗುಂಪುಗಳೂ ಇವೆ.

“ಅವ್ರು ಯಾಕೆ ಯಾರ್ನೂ ಮಾತಾಡ್ಸಲ್ಲ ಸಾರ್?” ಎಂದು ಒಬ್ಬಳು ಕೇಳಿದಳು.

“ಹೊರಗಿನ ಪ್ರಪಂಚ ಗೊತ್ತಿಲ್ಲ, ಅದಕ್ಕೆ” ಎಂದೆ.

ಆಮೇಲೆ ನಮ್ಮ ಊರಿನದೂ ಒಂದು ನಕ್ಷೆ ಮಾಡೋಣವೆಂದು ಡ್ರಾಯಿಂಗ್ ಹಾಳೆ ಹರವಿದೆ. ನೀರಿಗೆ ನಿಮ್ಮ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ? ಕನ್ನಡ, ತೆಲುಗು, ಉರ್ದು, ಲಂಬಾಣಿ. ಒಂದೊಂದಕ್ಕೂ ಒಂದೊಂದು ಬಣ್ಣದ ಚೌಕ. ಅಷ್ಟರಲ್ಲಿ ಬಿಸಿಯೂಟದ ಅಡುಗೆಯಮ್ಮ ಸಾರಿನ ಬಕೆಟ್ ಹಿಡಿದು ಬಂದರು.

“ಅಕ್ಕೋ, ನಿಮ್ಮನೇಲಿ ನೀರಿಗೆ ಏನಂತೀರಾ?” ಎಂದು ಹುಡುಗನೊಬ್ಬ ಕೇಳಿದ.

“ತೆಲುಗೇ ಕಣ್ಲಾ ನಮ್ದು. ಮೊದ್ಲು ತಟ್ಟೆ ತೊಳ್ಕಂಡ್ ಬಾ, ನೀರಂದ್ರೆ ಏನಂತ ಗೊತ್ತಾಗ್ತದೆ.”

ಆದರೆ ಅವರು ಅಡುಗೆಕೋಣೆಯ ಬಾಗಿಲು ಹಾಕಿಕೊಂಡು, ತಾಯಿಯ ಜೊತೆ ಫೋನಿನಲ್ಲಿ ಬೇರೆ ಯಾವುದೋ ಭಾಷೆ ಆಡುವುದನ್ನು ನಾನು ಕೇಳಿದ್ದೆ. ಮಕ್ಕಳೆದುರೇ ಅದನ್ನು ಹೇಳಿಬಿಟ್ಟೆ. ‘ನಕ್ಕು ಪದ ಹೇಳಿದರು’ ಎಂದು ಡೈರಿಯಲ್ಲಿದೆ. ನಕ್ಕರೇ? ನನಗೆ ನೆನಪಿರುವುದು ಬಕೆಟ್ಟಿನ ಹಿಡಿಯನ್ನು ಬಿಡದ ಅವರ ಕೈ ಮಾತ್ರ. ಆ ಪದ ಬರೆದು, ಅದರ ಚೌಕಕ್ಕೆ ನಾನೇ ಹಸಿರು ಹಚ್ಚಿದೆ.

ಶನಿವಾರ ಮಧ್ಯಾಹ್ನ ಪೋಷಕರ ಸಭೆ. ಎಲ್ಲರಿಗಿಂತ ಮೊದಲು ಬಂದ ಹಿರಿಯರೊಬ್ಬರು ಗೋಡೆಯ ಮೇಲಿನ ನಕ್ಷೆಯ ಮುಂದೆ ನಿಂತು ಹಸಿರು ಚೌಕದ ಮೇಲೆ ಬೆರಳಿಟ್ಟರು. ಅವರ ತಾತ ಊರಿನ ಪಟೇಲರಾಗಿದ್ದವರು.

“ಈ ಮಾತು ನಮ್ ತಾತ ಆಡಿ ತೋರ್ಸೋರು ಸಾರ್. ಇದ್ನ ಆಡೋ ಜನ ದಿನಾ ಸಂಜೆ ತಾತನ ಹತ್ರ ಬಂದು ಹಾಜ್ರಿ ಹಾಕ್ಬೇಕಿತ್ತಂತೆ. ಹುಟ್ಟಾ ಕಳ್ರು ಅಂತ ಸರ್ಕಾರದೋರೇ ಬರ್ಕಂಡಿದ್ರಂತೆ. ಯಾರ ಮನೇದು ಇದು?”

ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ಯಾರ ಮನೆಯದೆಂದು ಮಕ್ಕಳಲ್ಲಿ ಯಾರೋ ಹೇಳಿದರು ಎಂದೇ ನಂಬಿಕೊಂಡಿದ್ದೆ. ಆದರೆ ಶನಿವಾರ ಬೆಳಗಿನ ಶಾಲೆ. ಮಕ್ಕಳು ಆಗಲೇ ಮನೆ ಸೇರಿದ್ದರು. ಕೋಣೆಯಲ್ಲಿದ್ದದ್ದು ನಾವಿಬ್ಬರೇ.

ಮುಂದಿನ ವಾರ ಊರಾಚೆಯ ತೋಟವೊಂದರಲ್ಲಿ ಬೋರ್‌ವೆಲ್ಲಿನ ಕೇಬಲ್ ಕಳುವಾಯಿತು. ಮರುದಿನವೇ ನಾಲ್ಕು ಜನ ಅಡುಗೆಯಮ್ಮನ ಮನೆಯ ಮುಂದೆ ನಿಂತು, ನಿನ್ನೆ ನಿನ್ನ ಗಂಡ ಎಲ್ಲಿದ್ದ ಎಂದು ವಿಚಾರಿಸಿದರು. ನಾನು ನಕ್ಷೆ ಕಿತ್ತು ಬೀರುವಿನಲ್ಲಿಟ್ಟೆ. ಫೋಟೊ ಊರಿನ ವಾಟ್ಸಾಪ್ ಗ್ರೂಪಿನಲ್ಲಿತ್ತು.

ತಪ್ಪಾಯಿತು ಎನ್ನಲು ಅಡುಗೆಕೋಣೆಗೆ ಹೋದೆ. ಅವರು ಅಕ್ಕಿ ಆರಿಸುತ್ತಲೇ ಇದ್ದರು.

“ನನ್ ಮಕ್ಳಿಗೇ ಈ ಮಾತು ಕಲಿಸ್ಲಿಲ್ಲ ಸಾರ್. ನೀವು ಬಣ್ಣ ಹಚ್ಚಿ ಗೋಡೆಗೆ ಹಾಕ್ಬುಟ್ರಿ.”

ತರಗತಿಯಲ್ಲಿ ಆ ಹುಡುಗಿಗೆ ನಾನು ಕೊಟ್ಟ ಉತ್ತರ ತಪ್ಪು. ಹಿಂದೆ ರಬ್ಬರ್ ವ್ಯಾಪಾರಿಗಳು ಕಾಡಿನ ಜನರನ್ನು ಹಿಡಿದು ದುಡಿಸಿ ಕೊಂದಾಗ, ತಪ್ಪಿಸಿಕೊಂಡ ಕೆಲವರು ಇನ್ನೂ ಒಳಗೆ ಸರಿದರು. ಹೊರಗಿನವರು ಎಂಥವರೆಂದು ಅವರಿಗೆ ಗೊತ್ತಿತ್ತು. ಇದನ್ನು ಮಕ್ಕಳಿಗೆ ಇನ್ನೂ ತಿದ್ದಿ ಹೇಳಿಲ್ಲ. ಆ ಪದವನ್ನು ಇಲ್ಲಿ ಬರೆಯುವುದೂ ಇಲ್ಲ.

ಈಗ ಅಡುಗೆಯಮ್ಮ ಶಾಲೆಯ ಅಂಗಳದ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ತೆಲುಗಿನಲ್ಲಿ ತಾಯಿಯ ಜೊತೆ ಮಾತಾಡುತ್ತಾರೆ. “ತಿನ್ನಾವಾ ಅಮ್ಮಾ? ತಿನ್ನಾವಾ?” ಉಂಡೆಯಾ, ಉಂಡೆಯಾ ಎಂದು.

“ಅವ್ವ ಏನಂತಾರೆ?” ಎಂದು ನಿನ್ನೆ ಅವರ ಮಾತಿನ ನಡುವೆಯೇ ಕೇಳಿದೆ.

“ಏನೂ ಅನ್ನಲ್ಲ ಸಾರ್. ಅವ್ವಂಗೆ ತೆಲುಗು ಬರಲ್ಲ.”

ಕೇಬಲ್ ಕದ್ದವರು ಸಿಕ್ಕಿಲ್ಲ. ಗೇಟಿನ ಹೊರಗೆ ಆ ನಾಲ್ವರಲ್ಲಿ ಇಬ್ಬರು ಬೈಕ್ ನಿಲ್ಲಿಸಿಕೊಂಡು, ಅಡುಗೆಯಮ್ಮನ ಫೋನು ಮುಗಿಯುವುದನ್ನೇ ಕಾಯುತ್ತಿದ್ದರು.