ಅಂದಾನಪ್ಪನವರ ಎದೆಯ ಸದ್ದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಾಗಲಕೋಟೆಯ ಹಳೇ ಪೇಟೆಯ ಹಿಂದಿರುವ ಆರೋಗ್ಯ ಕಾರ್ಯಕರ್ತೆಯರ ತರಬೇತಿ ಕೇಂದ್ರದಲ್ಲಿ ಜವಾನ ಅಂದಾನಪ್ಪ ಕಸ ಗುಡಿಸಿ, ಮಂಚದ ಮೇಲೆ ಬಿಳಿ ಚಾದರ ಹಾಸುತ್ತಿದ್ದಾರೆ. ಇನ್ನೊಂದು ತಾಸಿಗೆ ಅದೇ ಮಂಚದ ಮೇಲೆ ಅಂಗಿ ಕಳಚಿ ಮಲಗುವವರೂ ಅವರೇ. ಹುಡುಗಿಯರು ನಾಡಿ ಹಿಡಿಯಲು, ಎದೆಬಡಿತ ಎಣಿಸಲು ಕಲಿಯುವುದು ಅವರ ಮೈಮೇಲೆ. ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳಲ್ಲಿ ಇಂದು ಓಡಾಡುವ ಎಷ್ಟೋ ನರ್ಸಬಾಯಿಯರು ಮೊದಲು ಕಿವಿಗೊಟ್ಟದ್ದು ಈ ಎದೆಗೆ. ಅವರ ಸರ್ಟಿಫಿಕೇಟಿನಲ್ಲಿ ಮಾತ್ರ ಈ ಹೆಸರಿಲ್ಲ.

ಶಿರೂರಿನ ಅಂದಾನಪ್ಪ ಜವಾನಿಕೆಗೆ ಸೇರಿದ್ದು ಎಪ್ಪತ್ತರ ದಶಕದಲ್ಲಿ. ಆಗ ಹುಡುಗಿಯರು ಒಬ್ಬರ ಮೈ ಒಬ್ಬರು ಮುಟ್ಟಲೂ ನಾಚುತ್ತಿದ್ದರು. ಪಾಠ ಹೇಳುವ ಸಿಸ್ಟರ್ ಸಾವಿತ್ರೆವ್ವ ತಲೆ ಕೆಡಿಸಿಕೊಂಡು ಕುಳಿತಾಗ, "ನಾ ಮಲಗ್ತೇನಿ ಬಿಡ್ರಿ ಅಕ್ಕಾರ, ನನ್ನ ಮಕ್ಕಳಿದ್ಹಂಗ ಅದಾರ" ಎಂದು ಮುಂದಾದವರು ಇವರು.

ಅವರ ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ. ಮಲಗಿದರೂ ಅದು ಮೈಬಿಟ್ಟು ಇಳಿಯುವುದಿಲ್ಲ, ಬೇರೆಯವರು ಮುಟ್ಟುವಂತೆಯೂ ಇಲ್ಲ. ಬಡಿತದ ನಡುವೆ ಏನೋ ಸುಯ್ಯೆನ್ನುತ್ತದೆ ಎಂದು ಯಾರಾದರೂ ಹೇಳಿದರೆ ಉತ್ತರ ಸಿದ್ಧವಿರುತ್ತಿತ್ತು. "ಅದು ಕರಡಗಿ ಸದ್ದು ಯವ್ವಾ. ಅದನ್ನ ಬಿಟ್ಟು ಎಣಸು." ಸಾವಿತ್ರೆವ್ವನವರೂ ನಂಬಿಬಿಟ್ಟಿದ್ದರು. ತಂಡದ ಮೇಲೆ ತಂಡ ಹಾಗೇ ಎಣಿಸಿ ಪಾಸಾಗಿ ಹೋಯಿತು. ಇತ್ತ ನೀರಿನ ಕೊಡ ಹೊತ್ತರೆ ಅಂದಾನಪ್ಪನವರಿಗೆ ಏದುಸಿರು. ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದರು.

೧೯೮೩ರಲ್ಲಿ ಇಳಕಲ್ಲಿನ ನೇಕಾರರ ಮನೆಯ ಮಗಳು ಶಮಶಾದಬಿ ತರಬೇತಿಗೆ ಬಂದಳು. ಕರಡಿಗೆ ಸದ್ದು ಮಾಡುತ್ತದೋ ಇಲ್ಲವೋ, ಪಾಪ, ಅವಳಿಗೇನು ಗೊತ್ತು. "ಕಾಕಾ, ನೀವ ಅದನ್ನ ಒಂಚೂರು ಅಂಗೈಯಾಗ ಎತ್ತಿ ಹಿಡೀತೀರೇನ್ರಿ?" ಎಂದು ಕೇಳಿದಳು. ಅಂದಾನಪ್ಪ ಎತ್ತಿ ಹಿಡಿದರು. ಸದ್ದು ನಿಲ್ಲಲಿಲ್ಲ. ಅವಳ ಮುಖ ನೋಡಿಯೇ ಅವರಿಗೆ ಅರ್ಧ ತಿಳಿಯಿತು.

ಹುಡುಗಿ ಎಲ್ಲರೆದುರು ಬಾಯಿ ಬಿಡಲಿಲ್ಲ. ಸಾವಿತ್ರೆವ್ವನವರ ಕಿವಿಯಲ್ಲಿ ಹೇಳಿದಳು. ಅವರು ತಾವೂ ಕೇಳಿ, ಉಳಿದವರನ್ನು ಚಹಾಕ್ಕೆ ಕಳಿಸಿ, ಬಾಗಿಲು ಮುಂದೆ ಮಾಡಿ ಮಂಚದ ಪಕ್ಕ ಕುಳಿತರು. "ಅಂದಾನಪ್ಪನವರ, ನಿಮ್ಮ ಎದಿ ಸದ್ದು ಸರಿ ಇಲ್ಲ. ಏನಾಗೇತಿ ಅಂತ ಡಾಕ್ಟರ ಹೇಳಬೇಕು. ನಾಳೆ ಹುಬ್ಬಳ್ಳಿಗೆ ಹೋಗೂಣು, ನಾನೂ ಬರ್ತೇನಿ."

"ಸಾಯೂದಕ್ಕಿಂತ ನೌಕರಿದ ಅಂಜಿಕಿ ಭಾಳ ಆತ್ರಿ" ಎಂದು ಈಗ ಅಂದಾನಪ್ಪ ನಗುತ್ತಾರೆ. "ನೀರ ಹೊರಲಾರದ ಜವಾನನ್ನ ಯಾರ ಇಟ್ಕೋತಾರ? ಹೇಣ್ತಿಗೆ ಏನ ಹೇಳ್ಲಿ ಅಂತ ಕುಂತಿದ್ದೆ."

ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕೆಟ್ಟಿದೆ, ಗುಳಿಗೆ ತಪ್ಪಿಸಬಾರದು, ಭಾರ ಹೊರಬಾರದು ಎಂದರು ಹುಬ್ಬಳ್ಳಿಯ ಡಾಕ್ಟರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು. ಮರಳಿ ಬಂದ ದಿನವೇ ಸಾವಿತ್ರೆವ್ವನವರು ನೀರಿನ ಕೊಡವನ್ನು ಹುಡುಗಿಯರ ಪಾಳಿಗೆ ಹಾಕಿದರು. ನೌಕರಿ ಉಳಿಯಿತು. ಮಂಚವನ್ನೂ ಬಿಡಿ ಎಂದರೆ ಮಾತ್ರ ಅಂದಾನಪ್ಪ ಒಪ್ಪಲಿಲ್ಲ. ಶಮಶಾದಬಿ ಈಗ ಬಾದಾಮಿ ಕಡೆ ನರ್ಸಬಾಯಿ. ಊರಿಗೆ ಹೋಗುವಾಗ ಇಲ್ಲಿ ಇಳಿದು, ಕಾಕಾನ ಎದೆಗೆ ಕಿವಿಗೊಟ್ಟು, ಗುಳಿಗೆ ತಪ್ಪಿಸಿದ್ದರೆ ಬೈದು ಹೋಗುತ್ತಾಳೆ.

ಈ ಬೆಳಿಗ್ಗೆ ಕಮತಗಿಯ ಬಸಲಿಂಗವ್ವನ ಸರದಿ. ಸ್ಟೆತಸ್ಕೋಪ್ ಇಟ್ಟವಳು ಹುಬ್ಬುಗಂಟಿಕ್ಕಿ, ಆಮೇಲೆ ನಗುತ್ತಾಳೆ. "ಕಾಕಾ, ನಿಮ್ಮ ಕರಡಗಿ ಸದ್ದು ಮಾಡಾಕತ್ತೈತ್ರಿ."

ಅಂದಾನಪ್ಪ ಕರಡಿಗೆಯನ್ನು ಅಂಗೈಯಲ್ಲಿ ಎತ್ತಿ ಹಿಡಿಯುತ್ತಾರೆ.

"ಈಗ ಕೇಳು ಯವ್ವಾ. ಅದು ನಂದ ಸದ್ದು. ಚೊಲೋತ್ನಂಗ ಕಲ್ಕೋ. ನಿಮ್ಮೂರಾಗ ಯಾರದರ ಎದ್ಯಾಗ ಹಿಂತಾದ್ದು ಕೇಳಿಸಿದ್ರ, ಅವರ ಕಿವ್ಯಾಗಷ್ಟ ಹೇಳು. ಹೇಳದ ಮಾತ್ರ ಎದ್ದು ಬರಬ್ಯಾಡ."