ಒಂದೇ ಕಾರ್ಡಿನ ಸ್ಟಿಕ್ಕರ್‌ಗಳು

ಮೊದಲು ಬಂದದ್ದು ತುರಿಕೆ. ಹುಬ್ಬುಗಳ ನಡುವೆ, ಸ್ಟಿಕ್ಕರ್ ಇಡುವ ಜಾಗದಲ್ಲಿ. ಬೇಸಿಗೆ, ಬೆವರು, ಅಷ್ಟೇ ಅಂದುಕೊಂಡೆ. ಕೊಬ್ಬರಿ ಎಣ್ಣೆ ಸವರಿದೆ. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಸ್ನಾನ ಮುಗಿಸಿ, ಕನ್ನಡಕ ಹಾಕಿಕೊಂಡು ಕನ್ನಡಿ ನೋಡಿದೆ.

ಹಣೆಯ ಮೇಲೆ ಅಕ್ಕಿಕಾಳಿನಷ್ಟು ಜಾಗ ಬೆಳ್ಳಗಾಗಿತ್ತು.

ಟಾಲ್ಕಮ್ ಪೌಡರ್ ಇರಬಹುದು ಎಂದು ಒದ್ದೆ ಟವೆಲ್ಲಿನಿಂದ ಉಜ್ಜಿದೆ. ಮತ್ತೆ ಉಜ್ಜಿದೆ. ಹೋಗಲಿಲ್ಲ.

ಆ ಸ್ಟಿಕ್ಕರ್ ನನ್ನ ಹಣೆಗೆ ಬಂದ ಬಗೆಯನ್ನು ಹೇಳಬೇಕು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಸಿಸ್ಟರ್‌ಗಳು ಹಣೆಗೆ ಏನೂ ಇಡಗೊಡುತ್ತಿರಲಿಲ್ಲ. ಬೆಳಿಗ್ಗೆ ಗೇಟಿನ ಹತ್ತಿರ ಕರ್ಚೀಫಿನಿಂದ ಒರೆಸಿಕೊಂಡು ಒಳಗೆ ಹೋಗುತ್ತಿದ್ದೆ. ಸಂಜೆ ಮಲ್ಲೇಶ್ವರದ ನಮ್ಮ ಮನೆಯ ಹೊಸ್ತಿಲಲ್ಲೇ ಅಮ್ಮ ಕುಂಕುಮ ಹಚ್ಚಿ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಮದುವೆಯಾದ ಮೇಲೆ ಮೂವತ್ತೆಂಟು ವರ್ಷ ದಿನವೂ ಕುಂಕುಮ. ನಮ್ಮ ಯಜಮಾನರು ಹೋದ ಮೇಲೆ ಅದು ನಿಂತಿತು. ಯಾರೂ ಬಲವಂತ ಮಾಡಲಿಲ್ಲ. ಇಷ್ಟೆಲ್ಲ ಇಂಗ್ಲಿಷ್ ಓದಿದ ನಾನೇ ಬಿಟ್ಟೆ. ವರ್ಷಾಂತಿಕ ಮುಗಿದ ವಾರ ಸೊಸೆ ವತ್ಸಲಾ ಸಂಪಿಗೆ ರಸ್ತೆಯಿಂದ ಒಂದು ಸ್ಟಿಕ್ಕರ್ ಕಾರ್ಡ್ ತಂದು ನನ್ನ ಕೈಯಲ್ಲಿಟ್ಟಳು.

"ಕುಂಕುಮ ಬೇಡ ಅಂದ್ರೆ ಬೇಡ ಅತ್ತೆ. ಇದು ಕುಂಕುಮ ಅಲ್ವಲ್ಲ, ಬರೀ ಸ್ಟಿಕ್ಕರ್ರು. ನಿಮ್ಮ ಬೋಳು ಹಣೆ ನೋಡ್ಕೊಂಡು ನಂಗೆ ಊಟ ಸೇರ್ತಾ ಇಲ್ಲ."

ಮೆರೂನ್ ಬಣ್ಣ, ಸಣ್ಣದು. ಕಾರ್ಡಿನ ಮೇಲೆ ಹಸಿರು ಎಲೆಯ ಚಿತ್ರ, ಅದರ ಕೆಳಗೆ ಇಂಗ್ಲಿಷಿನಲ್ಲಿ 'ಹರ್ಬಲ್'. ಐ ವಾಸ್ ಟಚ್ಡ್. ಆವತ್ತಿನಿಂದ ನಮ್ಮಿಬ್ಬರದೂ ಒಂದೇ ಕಾರ್ಡು. ಸ್ನಾನಕ್ಕೆ ಹೋದಾಗ ಕಿತ್ತು ಬಚ್ಚಲುಮನೆಯ ಕನ್ನಡಿಗೆ ಅಂಟಿಸುವುದು, ಮೈ ಒರೆಸಿಕೊಂಡು ಮತ್ತೆ ಹಣೆಗೆ. ಗೋಂದು ಸೋಲುವ ತನಕ ವಾರಗಟ್ಟಲೆ ಅದೇ ಸ್ಟಿಕ್ಕರ್.

ಬಿಳಿ ಕಂಡ ದಿನವೇ ಡಾಕ್ಟರ ಹತ್ತಿರ ಹೋಗಬಹುದಿತ್ತು. ಹೋಗಲಿಲ್ಲ. ಸ್ವಲ್ಪ ದೊಡ್ಡ ಸೈಜಿನ ಸ್ಟಿಕ್ಕರ್ ಕೊಂಡುಕೊಂಡು ಬಂದು ಅದರ ಮೇಲೇ ಅಂಟಿಸಿದೆ.

ಕಾರಣ ಒಂದು ಮಾತು. ತೊನ್ನು. ಮಗ ಮುರಳಿಗೆ ಹೆಣ್ಣು ನೋಡುವಾಗ ಬಸವನಗುಡಿಯ ಒಂದು ಹುಡುಗಿ ಎಲ್ಲರಿಗೂ ಒಪ್ಪಿಗೆಯಾಗಿದ್ದಳು. ಕಾಫಿ ತಂದುಕೊಟ್ಟ ಅವಳ ಚಿಕ್ಕಮ್ಮನ ಬೆರಳುಗಳ ಮೇಲೆ ಬಿಳಿ ಮಚ್ಚೆಗಳಿದ್ದವು. ನಾನು ಆ ಕಾಫಿಯನ್ನು ಮುಟ್ಟಲಿಲ್ಲ. ಸಂಬಂಧವೂ ಮುಂದುವರಿಯಲಿಲ್ಲ. ವತ್ಸಲಾ ಸೊಸೆಯಾಗಿ ಬಂದ ಹೊಸದರಲ್ಲಿ, ಅವರೆಕಾಳು ಬಿಡಿಸುತ್ತಾ ಕೂತಿದ್ದಾಗ, ಇದನ್ನು ನಾನೇ ಅವಳಿಗೆ ಹೇಳಿದ್ದೆ. ಹೆಮ್ಮೆಯಿಂದ. "ನಾವು ಎಷ್ಟು ಹುಷಾರಾಗಿದ್ವಿ ನೋಡು" ಎಂದಿದ್ದೆ.

ಈಗ ಅದು ನನ್ನ ಹಣೆಯ ಮೇಲೆ.

ದೊಡ್ಡ ಸ್ಟಿಕ್ಕರ್‌ನ ಅಂಚಿನಲ್ಲಿ ಬಿಳಿ ಇಣುಕತೊಡಗಿದಾಗ ಇನ್ನೂ ದೊಡ್ಡದು ತಂದೆ. ಮಲಗುವಾಗಲೂ ತೆಗೆಯಲಿಲ್ಲ. ಪಾರ್ಕಿನ ವಾಕಿಂಗ್ ಬಿಟ್ಟೆ. ಮದುವೆ, ಮುಂಜಿಗಳಿಗೆ ಮಂಡಿನೋವಿನ ನೆಪ. ಶುಕ್ರವಾರಗಳಂದು ವತ್ಸಲಾಳಿಂದ ತಲೆಗೆ ಎಣ್ಣೆ ಒತ್ತಿಸಿಕೊಳ್ಳುವುದನ್ನೂ ನಿಲ್ಲಿಸಿದೆ. ಅವಳು ಯಾಕೆ ಎಂದು ಕೇಳಲಿಲ್ಲ. ಅದು ನನಗೆ ಸಮಾಧಾನವೇ ಆಯಿತು. ಅವಳು ಕೇಳದಿದ್ದುದಕ್ಕೆ ಬೇರೆ ಕಾರಣವಿತ್ತು ಎಂದು ಹೊಳೆಯಲಿಲ್ಲ.

ದೊಡ್ಡ ಸೈಜಿನ ಕಾರ್ಡುಗಳು ಬೇಗ ಬೇಗ ಖಾಲಿಯಾಗುತ್ತಿದ್ದವು. ಟೀವಿ ಸೀರಿಯಲ್ಲಿನ ಹೆಂಗಸರನ್ನು ನೋಡಿ ವತ್ಸಲಾಳಿಗೂ ದೊಡ್ಡ ಬೊಟ್ಟಿನ ಫ್ಯಾಷನ್ ಹತ್ತಿದೆ ಎಂದುಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಅವಳಾದ ಮೇಲೆ ನಾನು ಸ್ನಾನಕ್ಕೆ ಹೋದೆ. ಕನ್ನಡಿಯ ಮೇಲೆ ಅವಳ ಸ್ಟಿಕ್ಕರ್ ಉಳಿದುಬಿಟ್ಟಿತ್ತು. ದೊಡ್ಡದು, ನನ್ನದರಷ್ಟೇ. ಕಿತ್ತುಕೊಂಡು, "ವತ್ಸಲಾ, ಬೊಟ್ಟು ಮರೆತಿದೀಯ ನೋಡು" ಎಂದು ಕೂಗಿದೆ. ಒದ್ದೆ ಕೂದಲಲ್ಲೇ ಓಡಿ ಬಂದಳು. ಎಡಗೈಯನ್ನು ಹಣೆಗೆ ಒತ್ತಿಹಿಡಿದು, ಬಲಗೈ ಚಾಚಿದಳು.

"ಕೊಡಿ ಅತ್ತೆ."

"ತಲೆನೋವೇನೇ?"

"ಹೂಂ. ಸ್ವಲ್ಪ. ಕೊಡಿ ಅದನ್ನ."

ಜ್ವರವಿದೆಯೇ ನೋಡೋಣ ಎಂದು ಅವಳ ಕೈಯನ್ನು ಸರಿಸಿದೆ.

ಅಕ್ಕಿಕಾಳಲ್ಲ. ಎಂಟಾಣೆಯಷ್ಟು.

ಗೋಡೆಗೆ ಒರಗಿದಳು. "ಮದ್ವೆಗೆ ಮುಂಚೆ ಇರ್ಲಿಲ್ಲ ಅತ್ತೆ. ದೇವರಾಣೆಗೂ ಇರ್ಲಿಲ್ಲ. ನಮ್ಮಪ್ಪ ಅಮ್ಮ ನಿಮಗೆ ಮೋಸ ಮಾಡಿಲ್ಲ. ಅವರಿಗೆ ಏನೂ ಅನ್ಬೇಡಿ."

ನೋವು, ಭಯ, ತನ್ನ ಮುಖ, ಯಾವುದೂ ಅವಳ ಬಾಯಿಂದ ಮೊದಲು ಬರಲಿಲ್ಲ. ಬಂದದ್ದು ಇದು. ನಾನು ಮುಟ್ಟದೆ ಬಿಟ್ಟ ಆ ಕಾಫಿ ಲೋಟವನ್ನು ಇವಳು ಮರೆತಿರಲಿಲ್ಲ.

ನನ್ನ ಸ್ಟಿಕ್ಕರ್ ಕಿತ್ತು ಹಣೆಯನ್ನು ಅವಳಿಗೆ ತೋರಿಸಿದೆ.

ಮಾರನೆಯ ದಿನ ಇಬ್ಬರೂ ಸ್ಕಿನ್ ಸ್ಪೆಷಲಿಸ್ಟ್ ಹತ್ತಿರ ಹೋದೆವು. ವಯಸ್ಸಿನಲ್ಲಿ ಚಿಕ್ಕ ಡಾಕ್ಟರಮ್ಮ. ಕತ್ತಲೆ ಮಾಡಿದ ರೂಮಿನಲ್ಲಿ ನೇರಳೆ ಬಣ್ಣದ ಲ್ಯಾಂಪ್ ಹಿಡಿದು ಒಬ್ಬೊಬ್ಬರ ಹಣೆಯನ್ನೂ ನೋಡಿದರು. ಆಮೇಲೆ ನನ್ನ ಪರ್ಸಿನಲ್ಲಿದ್ದ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನೀವು ಅತ್ತೆ-ಸೊಸೆ. ಬ್ಲಡ್ ರಿಲೇಶನ್ ಅಲ್ಲ. ಇಬ್ಬರಿಗೂ ಒಂದೇ ಜಾಗ, ಒಂದೇ ರೌಂಡ್ ಶೇಪು. ವಂಶದಲ್ಲಿ ಬರೋ ಖಾಯಿಲೆ ಬಿಂದಿ ಸೈಜಿಗೆ ಬರುತ್ತೇನಮ್ಮಾ? ಇದು ಗೋಂದು."

ಪ್ಯಾಚ್ ಟೆಸ್ಟ್ ಎಂದು ಸ್ಟಿಕ್ಕರಿನ ತುಂಡನ್ನು ನಮ್ಮ ಬೆನ್ನಿಗೆ ಎರಡು ದಿನ ಅಂಟಿಸಿದರು. ಇಬ್ಬರ ಬೆನ್ನಲ್ಲೂ ಆ ಜಾಗ ಕೆಂಪಾಗಿ ಊದಿತು. ಮತ್ತೆ ಹೋದಾಗ ಪ್ರಿಸ್ಕ್ರಿಪ್ಷನ್ ಹಾಳೆಯ ಮೇಲೆ ಗೋಂದಿನಲ್ಲಿರುವ ರಾಸಾಯನಿಕದ ಹೆಸರು ಬರೆದರು: ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್. ಸ್ಪೆಲ್ಲಿಂಗ್ ಕ್ಲಾಸಿನ ಹುಡುಗಿಯ ಹಾಗೆ ಮೂರು ಸಲ ಓದಿಕೊಂಡೆ. ನಂತರ ಅವರು ಕೇಳಿದರು, "ಯಾರಿಗೆ ಮೊದಲು ಕಾಣಿಸಿಕೊಳ್ತು?"

"ನನಗೆ. ಐದು ತಿಂಗಳಾಯ್ತು."

"ಇವರಿಗೆ?"

"ಮೂರು" ಎಂದಳು ವತ್ಸಲಾ.

ಡಾಕ್ಟರು ಪೆನ್ನು ಮುಚ್ಚಿದರು. "ನೀವು ಆಗಲೇ ಬಂದಿದ್ದರೆ ಇವರಿಗೆ ಆಗ್ತಾನೇ ಇರ್ಲಿಲ್ವೇನೋ."

ಬೈಯಲಿಲ್ಲ. ಸುಮ್ಮನೆ ಹೇಳಿದರು.

ಆಟೋದಲ್ಲಿ ವತ್ಸಲಾ ನನ್ನ ಕಡೆ ನೋಡದೆ ಹೇಳಿದಳು, "ಆ ಕಾರ್ಡ್ ತಂದಿದ್ದು ನಾನೇ ಅಲ್ವಾ." ಅವಳು ಅದನ್ನು ತಂದದ್ದು ಪ್ರೀತಿಯಿಂದ. ನಾನು ಮುಚ್ಚಿಟ್ಟದ್ದು ಹೆದರಿಕೆಯಿಂದ. ಇದನ್ನು ಅವಳಿಗೆ ಹೇಳುವ ಧೈರ್ಯ ಆ ದಿನ ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

ಮುಲಾಮು, ದಿನವೂ ಹತ್ತು ನಿಮಿಷ ಬೆಳಗಿನ ಬಿಸಿಲು. ಅದರ ಜೊತೆಗೆ ಮನೆಯಲ್ಲಿ ಮೈಗೆ ಹಚ್ಚುವ ಪ್ರತಿಯೊಂದನ್ನೂ ಲೇಬಲ್ ಓದಿಯೇ ಕೊಂಡುಕೊಳ್ಳಬೇಕು ಎಂದಿದ್ದರು ಡಾಕ್ಟರು. ಆ ಚೀಟಿ ಮತ್ತು ಭೂತಗನ್ನಡಿಯನ್ನು ಪರ್ಸಿನಲ್ಲಿಟ್ಟುಕೊಂಡು ಸಂಪಿಗೆ ರಸ್ತೆಯ ಅಂಗಡಿಗಳನ್ನು ಸುತ್ತಿದೆವು. ಸೋಪು, ಕ್ರೀಮು, ತಲೆಗೆ ಹಚ್ಚುವ ಕಪ್ಪು ಮೆಹೆಂದಿ. ಎಲ್ಲದರ ಮುಂಭಾಗದಲ್ಲಿ ಎಲೆ, ಹೂವು, ಋಷಿಯ ಗಡ್ಡ. ಹಿಂಭಾಗದಲ್ಲಿ ಇರುವೆ ಸಾಲಿನಂಥ ಅಕ್ಷರ. ಸ್ಟಿಕ್ಕರ್ ಕಾರ್ಡುಗಳ ಹಿಂಭಾಗವಂತೂ ಖಾಲಿ. ಗೋಂದಿನಲ್ಲಿ ಏನಿದೆ ಎಂದು ಯಾವುದರ ಮೇಲೂ ಇರಲಿಲ್ಲ. ಕೇಳಿದ್ದಕ್ಕೆ ಅಂಗಡಿಯವನು ನಕ್ಕ.

"ಅಮ್ಮಾ, ಇದು ಹಣೆಗೆ ಇಟ್ಕೊಳ್ಳೋದು, ಉಪ್ಪಿನಕಾಯಿ ಥರ ತಿನ್ನೋದಲ್ಲ. ಇಷ್ಟೊಂದು ಓದಿದ್ರೆ ಪಾಸಾಗ್ಬಿಡ್ತೀರ!"

ವತ್ಸಲಾ ತನ್ನ ಹಣೆಯ ಮೇಲಿನ ಕೂದಲನ್ನು ಸರಿಸಿ ಅವನಿಗೆ ತೋರಿಸಿದಳು. ಮನೆಯಿಂದಾಚೆ ಮೊದಲ ಸಲ. ಅವನ ನಗು ನಿಂತಿತು. "ನಮ್ಮ ಮನೆಯವಳೂ ಇದನ್ನೇ ಇಡೋದು" ಎಂದು ಮೆಲ್ಲಗೆ ಹೇಳಿ, ಕಾರ್ಡಿನ ಹಿಂಭಾಗವನ್ನು ತಾನೂ ನೋಡಿದ.

ಅರಿಶಿನದಿಂದಲೇ ಕುಂಕುಮ ಮಾಡುವ ಸೀತಮ್ಮ ಎಂಬವರು ಚಾಮರಾಜಪೇಟೆಯಲ್ಲಿದ್ದಾರೆ ಎಂದು ಹೇಳಿದವನೂ ಅವನೇ. ಹೋದೆವು. ಬಣ್ಣ ಸೇರಿಸುವುದಿಲ್ಲ ಎಂದು ಆಕೆ ಒರಳನ್ನೇ ತೋರಿಸಿದರು. ಅವರ ಕುಂಕುಮ ಅಂಗಡಿಯದರಷ್ಟು ಕೆಂಪಿರಲಿಲ್ಲ, ಇಟ್ಟಿಗೆಯ ಬಣ್ಣ. ಆದರೂ ನಂಬಲಿಲ್ಲ. ಮನೆಯಲ್ಲಿ ಮಾಡಿದ್ದೆಲ್ಲ ಮೈಗೆ ಒಗ್ಗುತ್ತದೆ ಎಂದೇನಿಲ್ಲ, ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಿ ಎಂದಿದ್ದರು ಡಾಕ್ಟರು.

"ನನ್ನ ಕೈಗೆ ಮೊದಲು" ಎಂದೆ.

"ನಿಮ್ಮ ಚರ್ಮ ಬೇರೆ, ನನ್ನ ಚರ್ಮ ಬೇರೆ ಅತ್ತೆ. ನಿಮಗೇನೂ ಆಗ್ಲಿಲ್ಲ ಅಂದ್ರೆ ನನಗೂ ಏನೂ ಆಗಲ್ಲ ಅಂತೇನಿಲ್ವಲ್ಲ."

"ಗೊತ್ತು. ಆದ್ರೂ ಮೊದಲು ನಂದು."

ವತ್ಸಲಾ ಕುಂಕುಮದ ಬಟ್ಟಲನ್ನು ನನ್ನ ಕಡೆ ತಳ್ಳಿದಳು. ಎರಡು ದಿನ ನನ್ನ ಕೈ, ಮತ್ತೆರಡು ದಿನ ಅವಳ ಕೈ. ಏನೂ ಆಗಲಿಲ್ಲ. ಆದರೂ ಡಾಕ್ಟರು ಒಪ್ಪುವ ತನಕ, ಎರಡು ತಿಂಗಳು, ಅವಳು ಕಾದಳು. ಆ ಎರಡು ತಿಂಗಳು ಬೋಳು ಹಣೆಯಲ್ಲೇ ಕೆಲಸಕ್ಕೆ ಹೋಗಿಬಂದಳು. ಯಾರು ಏನೆಂದರು ಎಂದು ಮನೆಯಲ್ಲಿ ಹೇಳಲಿಲ್ಲ. ಒಂದೆರಡು ಸಂಜೆ ಊಟ ಮಾಡದೆ ಮಲಗಿದಳು. ಮುರಳಿ ಅವಳ ಬಾಗಿಲ ಹತ್ತಿರ ನಿಂತು ವಾಪಸು ಬಂದ. ನಾನೂ ಹಾಗೇ.

ಈಗ ಅವಳ ಬಿಳಿಯ ಅಂಚಿನಲ್ಲಿ ಸಾಸಿವೆಯಂಥ ಕಂದು ಚುಕ್ಕೆಗಳು ಮೂಡುತ್ತಿವೆ. ಬಣ್ಣ ಹೀಗೇ ವಾಪಸು ಬರುತ್ತದಂತೆ. ಪೂರ್ತಿ ಬರುತ್ತದೆ ಎಂದು ಮಾತ್ರ ಡಾಕ್ಟರು ಹೇಳುತ್ತಿಲ್ಲ. ನನ್ನದು ಅಲುಗಿಲ್ಲ. ವಯಸ್ಸು, ಜೊತೆಗೆ ತಡ ಮಾಡಿದ್ದು. ದಟ್ ಈಸ್ ಫೇರ್.

ಬೆಳಿಗ್ಗೆ ಇಬ್ಬರೂ ಜಗಲಿಯ ಬಿಸಿಲಲ್ಲಿ ಕೂರುತ್ತೇವೆ. ಅವಳು ಸೀತಮ್ಮನ ಕುಂಕುಮವನ್ನು ಬಿಳಿಗೆ ತಾಗದಂತೆ ಅದಕ್ಕಿಂತ ಮೇಲೆ ಸಣ್ಣಗೆ ಇಡುತ್ತಾಳೆ. ಮೊದಲ ದಿನ ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ನನ್ನ ಕಡೆ ಚಾಚಿ, "ನಿಮಗೂ?" ಎಂದಿದ್ದಳು. ಬೇಡ ಎಂದೆ. ಯಜಮಾನರಿಲ್ಲ ಎಂದಲ್ಲ. ಇನ್ನು ಈ ಹಣೆಯನ್ನು ಯಾವುದರಿಂದಲೂ ಮುಚ್ಚಬಾರದು ಅನ್ನಿಸಿತ್ತು. ಕಾನ್ವೆಂಟಿನ ಗೇಟಿನಲ್ಲಿ ಒರೆಸಿಕೊಂಡ ಹುಡುಗಿಯ ಹಣೆಯ ಹಾಗೆ ಅದು ಬೋಳಾಗಿದೆ, ನಡುವೆ ಒಂದು ಬಿಳಿ ಬೊಟ್ಟು.

ಭೂತಗನ್ನಡಿ ಹಿಡಿದು ಅವಳ ಹಣೆಯ ಚುಕ್ಕೆಗಳನ್ನು ಹುಡುಕುತ್ತೇನೆ. "ನಿನ್ನೆಗಿಂತ ಒಂದು ಜಾಸ್ತಿ" ಎನ್ನುತ್ತೇನೆ. ಆಮೇಲೆ ಅವಳು ಭೂತಗನ್ನಡಿ ತೆಗೆದುಕೊಂಡು ನನ್ನದನ್ನು ನೋಡುತ್ತಾಳೆ. ಹೊತ್ತು ತೆಗೆದುಕೊಂಡು ನೋಡುತ್ತಾಳೆ.

"ಇಲ್ಲ ಅತ್ತೆ. ಹಾಗೇ ಇದೆ."

ಸುಳ್ಳು ಸಮಾಧಾನ ಹೇಳುವುದಿಲ್ಲ. ನಾನು ಹೂಂ ಎನ್ನುತ್ತೇನೆ. ಇಬ್ಬರೂ ಮುಖವನ್ನು ಬಿಸಿಲಿಗೆ ತಿರುಗಿಸಿ ಉಳಿದ ನಿಮಿಷಗಳು ಮುಗಿಯುವ ತನಕ ಕೂರುತ್ತೇವೆ.