ಹದ್ದು ಒಯ್ಯದ ಮೊಲ

ಗೀತಾ, ನಿನ್ನ ಮೊಲವನ್ನು ಹದ್ದು ಒಯ್ಯಲಿಲ್ಲ. ಕೊಂದವಳು ನಾನು, ನಿನ್ನ ಅಜ್ಜಿ. ಕೊಂದ ತಪ್ಪನ್ನು ಹದ್ದಿನ ಮೇಲೆ ಹಾಕಿದೆ. ಹದ್ದಿನ ಮೇಲೆ ಹಾಕಿದ್ದು ಹೋಗಿ ಪಕ್ಕದ ಮನೆಯ ಹಸೀನಾಳ ಮೇಲೆ ಬಿತ್ತು. ಬಿದ್ದರೆ ಬೀಳಲಿ ಎಂದು ಸುಮ್ಮನಿದ್ದೆ.

ಇದನ್ನು ನಿನಗೊಬ್ಬಳಿಗೇ ಕಳಿಸುತ್ತಿಲ್ಲ, ನಮ್ಮ ಓಣಿಯ ವಾಟ್ಸಾಪ್ ಗ್ರೂಪಿಗೇ ಹಾಕುತ್ತಿದ್ದೇನೆ. ಟೈಪ್ ಮಾಡುವುದನ್ನು ಕಲಿಸಿದವಳು ನೀನು. ಇಷ್ಟು ದಿನ ಹೂವಿನ ಚಿತ್ರ, ಶುಭೋದಯ, ಕೆಳಗಿನ ಮನೆಯವರ ಮೇಲೆ ಕುಚೋದ್ಯ — ಅಷ್ಟಕ್ಕೇ ಈ ಬೆರಳು ಓಡಾಡಿತ್ತು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆಗ ನೀನು ಎರಡನೆಯ ಕ್ಲಾಸು. ನಿನ್ನ ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಕೌಲ್ ಬಜಾರಿನ ಈ ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ನಿನ್ನ ಬಿಳಿ ಮೊಲ. ಜೀನ್ಸ್ ಹೊಲಿಯುವ ಕಡೆಯಿಂದ ಪ್ಯಾಂಟಿನ ಗಂಟು ತಂದು ಹಾಕುತ್ತಿದ್ದರು; ಉಳಿದ ದಾರ ಕತ್ತರಿಸಿ ಕೊಡುವುದು ನನ್ನ ಕೆಲಸ. ಹಸೀನಾಳೂ ಅದೇ ಕೆಲಸ ಮಾಡುತ್ತಿದ್ದಳು. ಕತ್ತರಿ ಹಿಡಿದು ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದಳು. ಅವಳ ಗಂಡ ಖಾಸಿಂ ಕಿಡ್ನಿ ಕೆಟ್ಟು ಹಾಸಿಗೆ ಹಿಡಿದಿದ್ದ. ಅವನ ಪೀಡೆ ಕಳೆಯಲಿ ಎಂದು ಅವಳು ಶುಕ್ರವಾರ ಶುಕ್ರವಾರ ಮಾಳಿಗೆ ಹತ್ತಿ ಹದ್ದುಗಳಿಗೆ ಮಾಂಸದ ಚೂರು ಎಸೆಯುತ್ತಿದ್ದಳು. ಅದು ಸದಕಾ, ದೇವರ ಹೆಸರಿನ ದಾನ ಎನ್ನುತ್ತಿದ್ದಳು. ಹದ್ದುಗಳು ಗಾಳಿಯಲ್ಲೇ ಕಾಲು ಚಾಚಿ ಹಿಡಿಯುತ್ತಿದ್ದವು. ನೀನು ಚಪ್ಪಾಳೆ ತಟ್ಟುತ್ತಿದ್ದೆ — ನೆನಪಿದೆಯೋ ಇಲ್ಲವೋ.

ನನ್ನ ಚೇಷ್ಟೆ ಓಣಿಗೆಲ್ಲ ಗೊತ್ತು. ಬೀಗರ ಚಹಾಕ್ಕೆ ಉಪ್ಪು ಹಾಕಿದವಳು, ಮದುವೆ ಮನೆಯಲ್ಲಿ ಗಂಡಸರ ಚಪ್ಪಲಿಗಳನ್ನು ಜೋಡಿ ತಪ್ಪಿಸಿ ಇಟ್ಟವಳು. ಆ ಶುಕ್ರವಾರ ತಲೆಗೆ ಹೊಕ್ಕಿದ್ದೂ ಅಂಥದ್ದೇ. ನನ್ನ ತವರು ಕುರುಗೋಡಿನಲ್ಲಿ ಕೋಳಿಮರಿಗಳಿಗೆ ಗುಲಾಬಿ ಬಣ್ಣ ಹಚ್ಚಿ ಅಂಗಳಕ್ಕೆ ಬಿಡುತ್ತಿದ್ದೆವು, ಬಣ್ಣದ ಮರಿಯನ್ನು ಹದ್ದು ಮುಟ್ಟುವುದಿಲ್ಲ ಎಂದು. ಹಾಗಾದರೆ ಈ ಬಿಳಿ ಮೊಲವನ್ನು ನೀಲಿ ಮಾಡಿದರೆ? ನೀನು ಶಾಲೆಯಿಂದ ಬಂದು ಬಾಯಿ ಬಿಟ್ಟು ನಿಲ್ಲಬೇಕು, ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗಬೇಕು. ಕೇಳಿದರೆ ಹದ್ದಿನ ನೆಪ ಹೇಳಬಹುದು. ಇಷ್ಟೇ ಇದ್ದದ್ದು.

ಜೀನ್ಸಿಗೆ ಹಾಕುವ ನೀಲಿ ಪುಡಿ ಮನೆಯಲ್ಲಿತ್ತು. ನೀರಲ್ಲಿ ಕಲಸಿ, ಹಿಡಿದು, ಕಿವಿಯ ತುದಿಯವರೆಗೆ ಬಳಿದೆ. ಬಿಟ್ಟ ಕೂಡಲೇ ಅದು ಮೂಲೆಗೆ ಹೋಗಿ ಮೈ ನೆಕ್ಕತೊಡಗಿತು. ನೆಕ್ಕಿತು... ನೆಕ್ಕುತ್ತಲೇ ಇತ್ತು. ಮೊಲ ದಿನವೂ ಮೈ ನೆಕ್ಕುವುದನ್ನು ನೋಡಿದವಳು ನಾನು. ಆದರೂ ಹೊಳೆಯಲಿಲ್ಲ. ಬಾಯಿಂದ ನೀಲಿ ನೊರೆ ಬಂದಾಗ ಹೆದರಿ ಬಿಸಿನೀರಲ್ಲಿ ತೊಳೆದೆ. ಬಣ್ಣ ಕೊಂದಿತೋ, ಬಿಸಿನೀರು ಕೊಂದಿತೋ — ಎರಡೂ ನನ್ನ ಕೈಯಿಂದಲೇ ಆದದ್ದು. ಮಧ್ಯಾಹ್ನದ ಹೊತ್ತಿಗೆ ನನ್ನ ಮಡಿಲಲ್ಲಿ ಕಾಲು ಚಾಚಿತು.

ಅಲ್ಲಿಗೆ ನಿಲ್ಲಿಸಿದ್ದರೆ ಅದು ಬರೀ ದಡ್ಡತನವಾಗಿ ಉಳಿಯುತ್ತಿತ್ತು. ನಾನು ಅದನ್ನು ಕತ್ತರಿಸಿದ ದಾರದ ಚೀಲಕ್ಕೆ ತುರುಕಿ ತಿಪ್ಪೆಗೆ ಹಾಕಿ ಬಂದೆ. ಕೈ ತೊಳೆದುಕೊಂಡು ಮಾಳಿಗೆ ಹತ್ತಿದೆ. ಹಸೀನಾ ಆಗಷ್ಟೇ ಚೂರು ಎಸೆದು ಕೆಳಗಿಳಿದಿದ್ದಳು. ಹದ್ದುಗಳು ಇನ್ನೂ ಸುತ್ತುತ್ತಿದ್ದವು. ಗಂಟಲು ಹರಿಯುವಂತೆ ಕೂಗಿದೆ:

"ಅಯ್ಯಯ್ಯೋ ಬರ್ರಿ! ಹದ್ದು ಒಯ್ತು! ನಮ್ಮ ಗೀತಾನ ಮೊಲ ಹದ್ದು ಒಯ್ತು!"

ನಾನು ಏನು ಹೇಳಿದರೂ ನಗುತ್ತಿದ್ದ ಓಣಿ, ಅದೊಂದನ್ನು ನಂಬಿತು.

ನನಗೆ ಹದ್ದು ಗೊತ್ತಿಲ್ಲದೆ ಅಲ್ಲ, ಗೀತಾ. ಕುರುಗೋಡಿನಲ್ಲಿ ಎಷ್ಟೋ ಕೋಳಿಮರಿಗಳನ್ನು ಅದು ಒಯ್ದದ್ದನ್ನು ಕಂಡಿದ್ದೇನೆ. ಒಮ್ಮೆ ಅರ್ಧ ಬೆಳೆದ ಹುಂಜಕ್ಕೆ ಎರಗಿ, ಎತ್ತಲಾರದೆ, ಮೊಳದೆತ್ತರ ಹೋಗಿ ಬೀಳಿಸಿ ಹಾರಿಹೋದದ್ದನ್ನೂ ಕಂಡಿದ್ದೇನೆ. ನಿನ್ನ ಮೊಲ ಎರಡು ಕೈಯಲ್ಲಿ ಎತ್ತಿದರೂ ಜೋತು ಬೀಳುವಷ್ಟು ಕೊಬ್ಬಿತ್ತು. ಅದನ್ನು ಎತ್ತುವ ಹದ್ದು ನಮ್ಮ ಬಳ್ಳಾರಿಯ ಆಕಾಶದಲ್ಲಿ ಇರಲಿಲ್ಲ. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೂಗಿದೆ.

ಸಂಜೆ ನೀನು ಶಾಲೆಯ ಚೀಲ ಬಿಸಾಕಿ ಅತ್ತೆ. ಓಣಿಯವರು ಹಸೀನಾಳ ಬಾಗಿಲಿಗೆ ಹೋದರು.

"ಏನವಾ ಹಸೀನಾಬೀ, ಹದ್ದಿಗೆ ಮಾಂಸದ ರುಚಿ ಹಚ್ಚೀದಿ. ಇವತ್ತು ಮೊಲ, ನಾಳಿಗೆ ತೊಟ್ಲಾಗಿನ ಕೂಸು!"

"ಗಂಡಗ ಆಯುಷ್ಯ ಬೇಡಾಕ ಮಂದಿ ಮನಿ ಜೀವ ಬಲಿ ಕೊಡ್ತೀಯೇನು?"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನ ಕಡೆ ನೋಡಿದಳು. ನಾನಾದರೂ ಒಂದು ಮಾತು ಹೇಳುತ್ತೇನೆ ಎಂದು... ನಾನು ನಿನ್ನ ಕಣ್ಣು ಒರೆಸುತ್ತಿದ್ದೆ. ನಿನ್ನ ಕಣ್ಣು ಒರೆಸುವುದು ಆಗ ನನಗೆ ಬಹಳ ಅನುಕೂಲವಾಗಿತ್ತು.

ಮುಂದಿನ ಶುಕ್ರವಾರ ಅವಳು ಮಾಳಿಗೆ ಹತ್ತಲಿಲ್ಲ. ಹದ್ದುಗಳು ಬಂದು ಸುತ್ತಿ ಹೋದವು.

ಆಮೇಲೆ ಒಂದು ಬೆಳಗ್ಗೆ ಅವಳು ನಮ್ಮ ಮನೆಗೆ ಬಂದಳು, ಬುಟ್ಟಿಯಲ್ಲಿ ಒಂದು ಪುಟ್ಟ ಬಿಳಿ ಮೊಲ ಇಟ್ಟುಕೊಂಡು. ನೀನು ಒಳಗೆ ಸ್ನಾನಕ್ಕೆ ಹೋಗಿದ್ದೆ. ನಿನಗೆ ಇದು ಇವತ್ತಿನವರೆಗೂ ಗೊತ್ತಿಲ್ಲ.

"ಹುಲಿಗಕ್ಕ, ಇದು ಕೂಸಿಗಿ. ಒಲ್ಲೆ ಅನಬ್ಯಾಡ."

ತೆಗೆದುಕೊಂಡಿದ್ದರೆ ನೀನು ನಗುತ್ತಿದ್ದೆ. ಆದರೆ ಆ ಮೊಲದ ಕಣ್ಣು ನನ್ನನ್ನೇ ನೋಡುತ್ತಿತ್ತು, ದಿನವೂ ಅದು ನನ್ನೆದುರು ಮೈ ನೆಕ್ಕುತ್ತ ಕೂತರೆ... ನನ್ನಿಂದ ಆಗುತ್ತಿರಲಿಲ್ಲ. ಅದನ್ನು ಹೇಳಲಾರದೆ ಬಾಯಿಗೆ ಬಂದದ್ದು ಹೇಳಿದೆ:

"ಯಾಕ, ನಿನ್ನ ಹದ್ದಿಗೆ ಇನ್ನೊಂದು ತುತ್ತು ಬೇಕಾತೇನು?"

ಅವಳು ಬುಟ್ಟಿಗೆ ಬಟ್ಟೆ ಮುಚ್ಚಿದಳು. ಮೆಟ್ಟಿಲಿಳಿದು ಹೋದಳು. ಮತ್ತೆಂದೂ ನಮ್ಮ ಕಟ್ಟೆಗೆ ಬರಲಿಲ್ಲ. ಅದಾದ ಕೆಲವೇ ದಿನಕ್ಕೆ ಖಾಸಿಂ ತೀರಿಕೊಂಡ. ಅವಳು ಮನೆ ಖಾಲಿ ಮಾಡಿ ಸಿರುಗುಪ್ಪದ ತಮ್ಮನ ಮನೆ ಸೇರಿದಳು. ಲಗೇಜ್ ಆಟೋ ಹೊರಟಾಗ ನಾನು ಒಳಗೆ ದಾರ ಕತ್ತರಿಸುತ್ತಿದ್ದೆ. ಹೊರಗೆ ಬರಲಿಲ್ಲ.

ಹೋದ ತಿಂಗಳು ನೀನು ಬ್ರೂಸ್‌ಪೇಟೆಯ ನಿನ್ನ ಮನೆಗೆ ಪುಟ್ಟ ನಾಯಿಮರಿ ತಂದೆ. ಮಾಳಿಗೆಗೆ ಬಲೆ ಕಟ್ಟಿಸುತ್ತೇನೆ ಎಂದು ಫೋನ್ ಮಾಡಿದೆ. "ಮಂದಿ ಹದ್ದು ಏನೂ ಮಾಡಂಗಿಲ್ಲ ಅಂತಾರ. ನಮ್ಮಜ್ಜಿ ಕಣ್ಣಾರೆ ನೋಡ್ಯಾಳ ಅಂತ ನಾ ಅಂದೆ. ಆ ಹಸೀನಾಬಿ ಮಾಡಿದ್ದು ನಾ ಸಾಯೋತನಕ ಮರಿಯಂಗಿಲ್ಲ" ಎಂದೆ. ಅಷ್ಟು ಸಣ್ಣ ಹುಡುಗಿಯ ಎದೆಯಲ್ಲಿ ನಾನು ಬಿತ್ತಿದ್ದು ಇಷ್ಟು ದೊಡ್ಡದಾಗಿ ಬೆಳೆದಿತ್ತು. ಮರುದಿನವೇ ಸಿರುಗುಪ್ಪದ ಬಸ್ಸು ಹತ್ತಿದೆ. ನಿನಗೆ ಮಂಡಿನೋವಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದೆ. ಅದೂ ಸುಳ್ಳೇ.

ಹಸೀನಾ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನಾನು ನೀಲಿ ಬಣ್ಣದ ಮಾತು ಹೇಳಿದೆ. ಅವಳು ನಕ್ಕುಬಿಟ್ಟಳು.

"ಅರೇ ಹುಲಿಗಕ್ಕ, ಗೋರಿಗೆ ಹೋಗೋ ವಯಸ್ಸಾತು, ಇನ್ನೂ ಮಸ್ಕಿರಿ ಬಿಟ್ಟಿಲ್ಲ ನೋಡು ನೀ!"

ಮತ್ತೆ ಹೇಳಿದೆ. ಮೊದಲಿನಿಂದ ಹೇಳಿದೆ. ಅವಳ ಕೈ ಮೊರದಲ್ಲೇ ನಿಂತಿತು.

"ಹದ್ದು ಒಯ್ಯಲಿಲ್ಲ?"

"ಇಲ್ಲ."

"ನನ್ನ ಸದಕಾದಿಂದ ಆಗಲಿಲ್ಲ?"

"ಇಲ್ಲ ಹಸೀನಾ."

ಅವಳು ಮೊರವನ್ನು ಕೆಳಗಿಟ್ಟಳು. ಆಮೇಲೆ ಹೇಳಿದಳು, ಗೋಡೆಗೆ ಹೇಳುವಂತೆ:

"ಹದ್ದಿಗೆ ಯಾಕ ಹಾಕವಲ್ಲಿ ಅಂತ ನಮ್ಮ ಮನಿಯವರು ಕೇಳಿದ್ರು. ನಿಮ್ಮ ಹೆಸರಿಲೆ ಹಾಕಿದ್ದಕ್ಕ ಹದ್ದು ಒಂದು ಕೂಸಿನ ಮೊಲ ತಿಂತು ಅಂದೆ. ನಮ್ಮ ದುವಾ ದೇವರಿಗೆ ಒಪ್ಪಿಗಿ ಆಗಲಿಲ್ಲ ಬಿಡು ಅಂದ್ರು. ಆ ಹುಡುಗಿಗೆ ಒಂದು ಮೊಲ ತಂದು ಕೊಡು, ಈ ಋಣ ಹೊತ್ತು ಹೋಗಾಕ ಮನಸಿಲ್ಲ ಅಂದ್ರು. ಬುಟ್ಟಿ ವಾಪಸ್ ಬಂದಿದ್ದು ನಾ ಅವರಿಗೆ ಹೇಳಲಿಲ್ಲ. ಕೊಟ್ಟು ಬಂದೆ, ಕೂಸು ನಕ್ಕಿತು ಅಂದೆ."

ಆ ಬುಟ್ಟಿ ಖಾಸಿಂನ ಕೊನೆಯ ಆಸೆಯಾಗಿತ್ತು. ನಾನು ಅದನ್ನು ಬಾಗಿಲಿಂದ ಓಡಿಸಿದ್ದೆ. ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ನನ್ನ ಕಿವ್ಯಾಗ ಹೇಳಿ ಹಗುರ ಆಗಿ ಹೋಗಬ್ಯಾಡ. ಓಣಿ ತುಂಬ ಒದರಿದ್ದಿ. ಓಣಿ ತುಂಬ ಹೇಳು. ಇನ್ನ ಮ್ಯಾಲ ನನ್ನ ಮನಿಗೆ ಬರಬ್ಯಾಡ."

ನೀರು ಕೂಡ ಕೊಡಲಿಲ್ಲ. ಕೊಟ್ಟಿದ್ದರೆ ಕುಡಿಯುವ ಮುಖ ನನಗೂ ಇರಲಿಲ್ಲ.

ಅದಕ್ಕೇ ಇಲ್ಲಿ ಬರೆದೆ. ಆ ದಿನ ಅವಳ ಬಾಗಿಲಲ್ಲಿ ನಿಂತು ಬೈದವರಲ್ಲಿ ಕೆಲವರು ಈ ಗ್ರೂಪಿನಲ್ಲಿದ್ದೀರಿ. ನೀವು ಬೈದ ಮಾತುಗಳೂ ನನ್ನವೇ, ನಾನು ಕೊಟ್ಟವು. ಗೀತಾ, ನೀನು ನನ್ನ ಹತ್ತಿರ ಮಾತು ಬಿಟ್ಟರೆ ಬಿಡು. ಆದರೆ ಹಸೀನಾಳ ಹೆಸರು ಇನ್ನು ಹಾಗೆ ಎತ್ತಬೇಡ.

ಫೋನ್ ಇಲ್ಲದವರು, ಓದಲು ಬಾರದವರು ಓಣಿಯಲ್ಲಿ ಇನ್ನೂ ಇದ್ದಾರೆ. ನಾಳೆ ಬೆಳಗ್ಗೆಯಿಂದ ಒಂದೊಂದೇ ಮನೆಗೆ ಹೋಗುತ್ತೇನೆ. ಒಳಗೆ ಕರೆದರೆ ಒಳಗೆ ಕೂತು ಹೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು, ಅವತ್ತು ಕೂಗಿದಷ್ಟೇ ಜೋರಾಗಿ ಹೇಳುತ್ತೇನೆ.